ಟಿವಿಯ ಇಂಗ್ಲಿಷ್ ನುಡಿಗಟ್ಟು: ಅರ್ಥ ಹಿಡಿಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇಂಗ್ಲಿಷ್ ಸುದ್ದಿ ತಪ್ಪದೇ ನೋಡುತ್ತಾರೆ. ಗೊತ್ತಿಲ್ಲದ ನುಡಿಗಟ್ಟು ಬಂತೆಂದರೆ ಒಂದೊಂದೇ ಪದ ಬಿಡಿಸಿ ಮೊಬೈಲಿನಲ್ಲಿ ಹುಡುಕುತ್ತಾರೆ. ‘ಥ್ರೋ ಇನ್ ದ ಟವೆಲ್’ ಅಂದರೆ ‘ಟವೆಲ್ ಒಳಗೆ ಎಸೆ’ ಅಂತ ಬರೆದುಕೊಂಡವರನ್ನು ನೋಡಿದ್ದೇನೆ. ನಮ್ಮ ‘ಕೈ ಕೊಟ್ಟ’ ಅನ್ನುವ ಮಾತನ್ನೂ ಹೀಗೆ ಬಿಡಿಸಿದರೆ ಅರ್ಥ ಉಳಿಯುತ್ತದಾ?

ಮೊದಲು, ಕಿವಿಗೆ ಬಿದ್ದಷ್ಟನ್ನೂ ಕನ್ನಡ ಅಕ್ಷರದಲ್ಲೇ ಗೀಚಿಕೊಳ್ಳಿ. ಸ್ಪೆಲ್ಲಿಂಗ್ ಆಮೇಲೆ ನೋಡಿದರಾಯಿತು.

ಎರಡನೆಯದೇ ಕಷ್ಟದ ಹಂತ. ಜಾಸ್ತಿ ಜನ ಹಾರಿಸುವುದೂ ಇದನ್ನೇ. ಹುಡುಕುವ ಮೊದಲು ಊಹಿಸಿ. ಯಾರು ಯಾರ ಬಗ್ಗೆ ಹೇಳಿದರು? ಹೊಗಳಿದರೋ, ತೆಗಳಿದರೋ? ಮುಂದಿನ ವಾಕ್ಯ ಏನಿತ್ತು? ಸೋಲುವ ಲಕ್ಷಣ ಕಂಡು ಅಭ್ಯರ್ಥಿ ಕಣದಿಂದ ಹಿಂದೆ ಸರಿದ ಸುದ್ದಿಯಲ್ಲಿ ಟವೆಲ್ ಮಾತು ಬಂದರೆ, ಅರ್ಧ ಅರ್ಥ ಅಲ್ಲೇ ಇದೆ. ಆಮೇಲೆ, ಈ ಮಾತು ಎಲ್ಲಿ ಹುಟ್ಟಿರಬಹುದು ಅಂತ ಯೋಚಿಸಿ. ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ಆಟದ ಮೈದಾನದವು. ಬಾಕ್ಸಿಂಗ್‌ನಲ್ಲಿ ತಮ್ಮವನು ಇನ್ನು ತಾಳಲಾರ ಅನಿಸಿದರೆ, ಅವನ ಕಡೆಯವರು ರಿಂಗಿನೊಳಗೆ ಟವೆಲ್ ಎಸೆದು ಸೋಲೊಪ್ಪುತ್ತಾರೆ. ‘ಸ್ಟಿಕಿ ವಿಕೆಟ್’ ಕ್ರಿಕೆಟ್ಟಿನದು. ಪಿಚ್ ಮೇಲೆ ಹೊದಿಕೆ ಹಾಕದ ಕಾಲದಲ್ಲಿ, ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗುವಾಗ ಚೆಂಡು ಹೇಗೆಂದರೆ ಹಾಗೆ ಪುಟಿಯುತ್ತಿತ್ತು. ಬ್ಯಾಟ್ಸ್‌ಮನ್ ಗತಿ ಕಷ್ಟ. ಈಗ ಮಂತ್ರಿ ಪೇಚಿಗೆ ಸಿಕ್ಕರೂ ಅದೇ ಮಾತು. ‘ಬಾಲ್‌ಪಾರ್ಕ್ ಫಿಗರ್’ ಅಮೆರಿಕದ ಬೇಸ್‌ಬಾಲ್ ಮೈದಾನದ್ದು, ಅಂದಾಜು ಲೆಕ್ಕ ಅಂತ ಅರ್ಥ. ಮೂಲ ಗೊತ್ತಾದ ಮಾತು ಮರೆಯುವುದಿಲ್ಲ.

ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಹುಟ್ಟಿನ ಕಥೆಗಳನ್ನು ನಂಬಬೇಡಿ. ಜೋರು ಮಳೆಗೆ ‘ಕ್ಯಾಟ್ಸ್ ಅಂಡ್ ಡಾಗ್ಸ್’ ಅನ್ನುವುದು ಹುಲ್ಲಿನ ಚಾವಣಿಯಿಂದ ಬೆಕ್ಕು ನಾಯಿ ಜಾರಿ ಬೀಳುತ್ತಿದ್ದುದರಿಂದ ಎಂಬ ಕಥೆಗೆ ಆಧಾರವಿಲ್ಲ.

ಮೂರನೆಯದು, ಪರಿಶೀಲನೆ. ಇಡೀ ನುಡಿಗಟ್ಟನ್ನು ಒಟ್ಟಿಗೆ ಹುಡುಕಿ. ಅನುವಾದದ ಆ್ಯಪ್ ಬೇಡ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು, ಅದರಲ್ಲಿ ಬಳಕೆಯ ವಾಕ್ಯವೂ ಇರುತ್ತದೆ. ‘ಸಾವಿರ ನುಡಿಗಟ್ಟು’ ಅಂತ ಬರೀ ಪಟ್ಟಿ ಕೊಡುವ ಅಗ್ಗದ ಪುಸ್ತಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಟಿವಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ. ಯಂತ್ರವೇ ಬರೆಯುವ ಸಬ್‌ಟೈಟಲ್ ಮಾತ್ರ ಪದ ತಪ್ಪು ಕೇಳಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡಿದರು ಅಂದರೆ ಚರ್ಚೆಗೆ ಇಟ್ಟರು. ಅಮೆರಿಕದಲ್ಲಿ ಅದೇ ಮಾತಿಗೆ ಚರ್ಚೆಯನ್ನು ಮುಂದೂಡಿದರು ಅಂತ ಅರ್ಥ. ನಮ್ಮ ಸಂಸತ್ತಿನ ಸುದ್ದಿಯಲ್ಲಿ ಬರುವುದು ಬ್ರಿಟಿಷ್ ಅರ್ಥ. ಅದಕ್ಕೇ ಅರ್ಥದ ಪಕ್ಕದಲ್ಲಿ ಅದು ಯಾವ ದೇಶದ ಚಾನೆಲ್ ಅಂತಲೂ ಬರೆದಿಟ್ಟುಕೊಳ್ಳಿ.