ಪಂಪ್ ರಿಪೇರಿ ದಾಖಲೆಗಳಲ್ಲಿ ಹೋಲಿಕೆ ಅಳೆಯುವುದು: ನನ್ನ ಅನುಭವ

ಬೋರ್‌ವೆಲ್ ಸಬ್‌ಮರ್ಸಿಬಲ್ ಪಂಪ್‌ಗಳ ಹಳೆಯ ರಿಪೇರಿ ದಾಖಲೆಗಳನ್ನಿಟ್ಟುಕೊಂಡು ಕೇಸ್-ಬೇಸ್ಡ್ ರೀಸನಿಂಗ್ ವ್ಯವಸ್ಥೆ ಕಟ್ಟುವಾಗ ಹೋಲಿಕೆಯ ಲೆಕ್ಕ ಹೇಗೆ ಹಾಕುತ್ತೇನೆ ಎಂಬುದು ಈ ಬರಹ. ಹೊಸ ದೂರು ಬಂದಾಗ ಅದಕ್ಕೆ ಹತ್ತಿರದ ಹಳೆಯ ಪ್ರಕರಣ ಹುಡುಕಿ, ಅಲ್ಲಿ ಫಲಿಸಿದ ರಿಪೇರಿಯನ್ನು ಮೆಕ್ಯಾನಿಕ್‌ಗೆ ಸೂಚಿಸುವುದು ವ್ಯವಸ್ಥೆಯ ಕೆಲಸ. ಸಂಶೋಧಕರಾದ ಆಮೋಟ್ ಮತ್ತು ಪ್ಲಾಜಾ 1994ರಲ್ಲಿ ಈ ವಿಧಾನವನ್ನು ಹುಡುಕು, ಬಳಸು, ತಿದ್ದು, ಉಳಿಸಿಕೋ ಎಂದು ನಾಲ್ಕು ಹಂತಗಳಲ್ಲಿ ವಿವರಿಸಿದರು. ಮೊದಲ ಹಂತದಲ್ಲೇ ತಪ್ಪು ಪ್ರಕರಣ ಸಿಕ್ಕರೆ ಉಳಿದ ಮೂರರಿಂದ ಹೆಚ್ಚೇನೂ ಆಗದು. ಹಾಗಾಗಿ ದಾಖಲೆಯ ಪ್ರತಿ ಅಂಕಣದ (ಆಳ, ಕರೆಂಟ್, ಲಕ್ಷಣ ಇತ್ಯಾದಿ) ಮುಂದೆಯೂ ಒಂದೇ ಪ್ರಶ್ನೆ ಇಡುತ್ತೇನೆ: ಇದರಲ್ಲಿ ವ್ಯತ್ಯಾಸವಾದರೆ ರಿಪೇರಿ ಬದಲಾಗುತ್ತದೆಯೇ?

ಸಿಂಗಲ್ ಫೇಸ್, ತ್ರೀ ಫೇಸ್ ಎಂಬುದಕ್ಕೆ ಅಂಕ ಕೊಡುವುದಿಲ್ಲ, ಅದನ್ನು ಜರಡಿಯಾಗಿ ಬಳಸುತ್ತೇನೆ. ಕೆಪಾಸಿಟರ್ ಹೋದ ಸಿಂಗಲ್ ಫೇಸ್ ಮೋಟಾರಿನ ಪ್ರಕರಣ ಬೇರೆಲ್ಲದರಲ್ಲೂ ಹೊಂದಿದರೂ ತ್ರೀ ಫೇಸ್ ಮೋಟಾರಿಗೆ ಉಪಯೋಗವಿಲ್ಲ.

ಕ್ಲಾಂಪ್ ಮೀಟರ್ ತೋರಿಸಿದ ಆಂಪ್ಸ್ ಅನ್ನು ನೇರವಾಗಿ ಹೋಲಿಸಬಾರದು. 7.5 ಎಚ್‌ಪಿ ಮೋಟಾರಿಗೆ ಸರಿಯಾದ ಕರೆಂಟ್ 5 ಎಚ್‌ಪಿಗೆ ಓವರ್‌ಲೋಡ್. ಅಳೆದ ಆಂಪ್ಸನ್ನು ಮೋಟಾರಿನ ನೇಮ್‌ಪ್ಲೇಟ್ ಮೇಲೆ ಬರೆದ ಆಂಪ್ಸಿನಿಂದ ಭಾಗಿಸಿ ಆ ಅನುಪಾತವನ್ನೇ ಅಂಕಣವಾಗಿ ಇಡುತ್ತೇನೆ. "ಮೋಟಾರ್ ಓಡುತ್ತೆ, ನೀರು ಬರ್ತಿಲ್ಲ" ಎಂಬ ದೂರಿನಲ್ಲಿ ಅನುಪಾತ 0.6ರ ಆಸುಪಾಸಿದ್ದರೆ ನೀರಿನ ಮಟ್ಟ ಇಳಿದಿರಬಹುದು ಇಲ್ಲವೇ ಮೋಟಾರನ್ನು ಪಂಪ್‌ಗೆ ಜೋಡಿಸುವ ಕಪ್ಲಿಂಗ್ ಮುರಿದಿರಬಹುದು. 1ರ ಹತ್ತಿರವಿದ್ದರೆ ನೀರು ಮೇಲೆ ತರುವ ಕಾಲಂ ಪೈಪ್ ತೂತಾಗಿದೆಯೇ ಎಂದು ನೋಡಬೇಕು. ದೂರಿನ ಮಾತು ಒಂದೇ, ರಿಪೇರಿ ಬೇರೆ. ವೋಲ್ಟೇಜನ್ನೂ ಹೀಗೆಯೇ ಅಸಮತೋಲನದ ಶೇಕಡಾವಾರಿಗೆ ತರುತ್ತೇನೆ. ಮೂರು ಫೇಸ್‌ಗಳ ನಡುವೆ 415, 400, 385 ಬಂದರೆ ಸರಾಸರಿ 400, ಗರಿಷ್ಠ ವ್ಯತ್ಯಾಸ 15, ಅಂದರೆ ಶೇ. 3.75.

ಸಂಖ್ಯೆಗಳಿಗೆ ಬಳಸುವ ಸಾಮಾನ್ಯ ಸೂತ್ರ ಸರಳ: ಎರಡು ಬೆಲೆಗಳ ಅಂತರವನ್ನು ಆ ಅಂಕಣದ ವ್ಯಾಪ್ತಿಯಿಂದ ಭಾಗಿಸಿ 1ರಿಂದ ಕಳೆಯುವುದು. ಕೆಡುವುದು ವ್ಯಾಪ್ತಿಯಲ್ಲಿ. ಆಳ 100ರಿಂದ 1,200 ಅಡಿವರೆಗೆ ಇದ್ದಾಗ 500 ಅಡಿ ಅಂತರಕ್ಕೆ ಸಿಗುವ ಹೋಲಿಕೆ 0.55. ಯಾರೋ 1,200ರ ಬದಲು 12,000 ಎಂದು ಟೈಪ್ ಮಾಡಿದ ಒಂದೇ ದಾಖಲೆ ಸೇರಿದರೆ ಅದು 0.96ಕ್ಕೆ ಏರುತ್ತದೆ; ಅಲ್ಲಿಂದ ಮುಂದೆ ಆಳ ಎಂಬ ಅಂಕಣ ಇದ್ದೂ ಇಲ್ಲದಂತೆ. ಅದಕ್ಕೇ ಕೆಳಗಿನ ಶೇ. 5, ಮೇಲಿನ ಶೇ. 5 ಬಿಟ್ಟು ಉಳಿದದ್ದರಿಂದ ವ್ಯಾಪ್ತಿ ತೆಗೆಯುತ್ತೇನೆ. ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆಗೇ ನಿಲ್ಲಿಸುತ್ತೇನೆ.

ಇನ್ಸುಲೇಷನ್ ಎಷ್ಟು ಗಟ್ಟಿಯಿದೆ ಎಂದು ಮೆಗಾಓಮ್‌ಗಳಲ್ಲಿ ಅಳೆಯುವ ಮೆಗ್ಗರ್ ಮೀಟರಿನ ರೀಡಿಂಗ್‌ಗೆ ಈ ಸೂತ್ರ ಒಗ್ಗುವುದಿಲ್ಲ. ಬಾವಿಯೊಳಗಿರುವ ಮೋಟಾರಿಗೆ ಕೇಬಲ್ ಸಮೇತ 0.05 ಮೆಗಾಓಮ್ ಬಂದರೆ ಇನ್ಸುಲೇಷನ್ ಹೋಗಿದೆ ಎಂದರ್ಥ, 5 ಬಂದರೆ ಚಿಂತೆಯಿಲ್ಲ. 0ರಿಂದ 20ರ ವ್ಯಾಪ್ತಿಯಲ್ಲಿ ನೇರ ಸೂತ್ರ ಇವೆರಡಕ್ಕೂ 0.75 ಹೋಲಿಕೆ ಕೊಡುತ್ತದೆ. 10ರ ಆಧಾರದ ಲಾಗ್ (ಲಾಗರಿತಮ್) ತೆಗೆದು 0.01ರಿಂದ 20ರ ವ್ಯಾಪ್ತಿಯಲ್ಲಿ ಲೆಕ್ಕ ಹಾಕಿದರೆ ಅದು 0.39ಕ್ಕೆ ಇಳಿಯುತ್ತದೆ. ಆದರೆ ಲಾಗ್ ಒಂದೇ ಸಾಲದು. 50 ಮತ್ತು 200ರ ಅಂತರವೂ 0.5 ಮತ್ತು 2ರ ಅಂತರವೂ ಅದಕ್ಕೆ ಒಂದೇ, ಮೆಕ್ಯಾನಿಕ್‌ಗೆ ಮಾತ್ರ 50 ಆದರೇನು, 200 ಆದರೇನು. ಹಾಗಾಗಿ 20 ದಾಟಿದ್ದನ್ನೆಲ್ಲ ಮೊದಲೇ 20 ಎಂದು ಬದಲಿಸಿಕೊಂಡು, ಆಮೇಲೆ ಲಾಗ್ ತೆಗೆಯಬೇಕು.

ಲಕ್ಷಣಗಳ ಪಟ್ಟಿಗೆ ಮನೋವಿಜ್ಞಾನಿ ಅಮೋಸ್ ಟ್ವರ್ಸ್ಕಿ 1977ರಲ್ಲಿ ಮುಂದಿಟ್ಟ ಅಸಮ ಹೋಲಿಕೆ ಚೆನ್ನಾಗಿ ಹೊಂದುತ್ತದೆ. ಫೋನಿನಲ್ಲಿ ರೈತರು ಒಂದೆರಡು ಲಕ್ಷಣ ಹೇಳುತ್ತಾರೆ, ರಿಪೇರಿ ಮುಗಿದ ದಾಖಲೆಯಲ್ಲಿ ಹೆಚ್ಚು ಇರುತ್ತವೆ. ಹೊಸ ದೂರಿನಲ್ಲಷ್ಟೇ ಇರುವ ಲಕ್ಷಣಕ್ಕೆ 1, ಹಳೆಯದರಲ್ಲಷ್ಟೇ ಇರುವುದಕ್ಕೆ 0.3 ದಂಡ ಇಡುತ್ತೇನೆ. ದೂರಿನಲ್ಲಿ "ಟ್ರಿಪ್ ಆಗುತ್ತೆ", "ಗುಂಯ್ ಅನ್ನುತ್ತೆ" ಎಂಬೆರಡಿದ್ದು, ದಾಖಲೆಯಲ್ಲಿ ಇವೆರಡರ ಜೊತೆ ಇನ್ನೊಂದಿದ್ದರೆ ಹೊಂದಿದ 2ನ್ನು, ಅದಕ್ಕೆ ದಂಡ ಸೇರಿಸಿದ 2.3ರಿಂದ ಭಾಗಿಸಿ 0.87. ಎರಡೂ ಕಡೆ ಸಮವಾಗಿ 1 ದಂಡ ಹಾಕಿದ್ದರೆ 0.67 ಆಗಿ, ವಿವರವಾಗಿ ಬರೆದಿಟ್ಟ ದಾಖಲೆಗಳೇ ಹಿಂದೆ ಬೀಳುತ್ತಿದ್ದವು. ಶ್ರದ್ಧೆಯಿಂದ ಬರೆದವರಿಗೆ ಅದು ಅನ್ಯಾಯ.

ಖಾಲಿ ಅಂಕಣಗಳೇ ದೊಡ್ಡ ತಲೆನೋವು. ಖಾಲಿಯನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ, ಎರಡೇ ಅಂಕಣ ತುಂಬಿದ ದಾಖಲೆಗೆ ಪೂರ್ತಿ 1 ಸಿಕ್ಕಿ ಅದೇ ಪಟ್ಟಿಯ ತುದಿಗೆ ಬರುತ್ತದೆ. ಸೊನ್ನೆ ಕೊಟ್ಟರೆ ಒಳ್ಳೆಯ ದಾಖಲೆಯೂ ಮುಳುಗುತ್ತದೆ. ನಾನು ಸರಾಸರಿಯ ಪಕ್ಕದಲ್ಲೇ, ಒಟ್ಟು ತೂಕದಲ್ಲಿ (ತೂಕ ಎಂದರೆ ಪ್ರತಿ ಅಂಕಣಕ್ಕೆ ಕೊಡುವ ಮಹತ್ವದ ಅಂಕೆ) ಎಷ್ಟು ಭಾಗ ನಿಜವಾಗಿ ಹೋಲಿಸಲಾಯಿತು ಎಂಬುದನ್ನೂ ತೋರಿಸಿ, ಅದು ಅರ್ಧಕ್ಕಿಂತ ಕಡಿಮೆಯಿದ್ದರೆ ಆ ಪ್ರಕರಣವನ್ನು ಕೆಳಗೆ ತಳ್ಳುತ್ತೇನೆ. "ಅಳೆದಿಲ್ಲ" ಮತ್ತು "ಅನ್ವಯಿಸದು" ಎರಡಕ್ಕೂ ಬೇರೆ ಗುರುತು ಬೇಕು.

ತೂಕಗಳನ್ನು ಮೆಕ್ಯಾನಿಕ್‌ಗಳಿಂದ ಪಡೆಯುವಾಗ "ಇದಕ್ಕೆ ಹತ್ತರಲ್ಲಿ ಎಷ್ಟು?" ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲಕ್ಕೂ ಎಂಟು ಎನ್ನುತ್ತಾರೆ. ಒಂದು ದೂರು, ಎರಡು ಹಳೆಯ ಪ್ರಕರಣ ಮುಂದಿಟ್ಟು "ಅಣ್ಣಾ, ಮೊದಲು ಯಾವುದನ್ನ ನೋಡ್ತೀರಿ?" ಎಂದು ಕೇಳಿದರೆ ಉತ್ತರ ಖಚಿತವಾಗಿ ಬರುತ್ತದೆ, ಅಂಥ ಜೋಡಿಗಳಿಂದ ತೂಕ ಹೊಂದಿಸಬಹುದು. ಲಕ್ಷಣಕ್ಕೆ 5, ಕರೆಂಟ್ ಅನುಪಾತಕ್ಕೆ 3, ಮೆಗ್ಗರ್‌ಗೆ 2 ಎಂದಿಟ್ಟುಕೊಳ್ಳಿ. ಒಂದು ಪ್ರಕರಣಕ್ಕೆ ಕ್ರಮವಾಗಿ 1, 0.8, 0.2 ಬಂದರೆ, ತೂಕದಿಂದ ಗುಣಿಸಿ ಕೂಡಿ 10ರಿಂದ ಭಾಗಿಸಿದಾಗ ಒಟ್ಟು 0.78, ಇನ್ನೊಂದಕ್ಕೆ 0.7, 0.9, 0.9 ಬಂದರೆ 0.80. ಈ 0.02ರ ಅಂತರವನ್ನು ನಂಬುವಂತಿಲ್ಲ. ಜೊತೆಗೆ ಮೊದಲನೆಯದರಲ್ಲಿ ಮೆಗ್ಗರ್‌ನ ಕೊರತೆಯನ್ನು ಲಕ್ಷಣ ಮುಚ್ಚಿಹಾಕಿದೆ. ಟ್ರಿಪ್ ಆಗುವ ದೂರುಗಳಿಗೆ ಮೆಗ್ಗರ್ ತೂಕವನ್ನು ಪ್ರತ್ಯೇಕವಾಗಿ ಏರಿಸುವುದು ಅದಕ್ಕೇ. ಪರದೆಯಲ್ಲೂ ಒಟ್ಟು ಅಂಕವೊಂದನ್ನೇ ತೋರಿಸದೆ ಅಂಕಣವಾರು ಹೋಲಿಕೆ ತೋರಿಸಬೇಕು.

ಪರೀಕ್ಷೆಗೆ ಒಂದೊಂದೇ ಪ್ರಕರಣವನ್ನು ಹೊರಗಿಟ್ಟು, ಮೊದಲ ಮೂರು ಫಲಿತಾಂಶಗಳಲ್ಲಿ ಸರಿಯಾದ ರಿಪೇರಿ ಬಂತೇ ಎಂದು ನೋಡುವುದು ವಾಡಿಕೆ. ಇಲ್ಲಿ ಎಚ್ಚರ ಬೇಕು. ಅದೇ ಬೋರ್‌ವೆಲ್‌ನ ಹಿಂದಿನ ಭೇಟಿಗಳು ಒಳಗೇ ಉಳಿದರೆ ಆಳ, ಎಚ್‌ಪಿ, ಕೇಬಲ್ ಎಲ್ಲ ತಾಳೆಯಾಗಿ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಆ ಬೋರ್‌ವೆಲ್‌ನ ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಹೊರಗಿಡಬೇಕು. ಯಾವ ಅಂಕದ ಕೆಳಗೆ ರಿಪೇರಿ ಸೂಚನೆಗಳು ತಪ್ಪತೊಡಗುತ್ತವೆ ಎಂಬುದೂ ಈ ಪರೀಕ್ಷೆಯಲ್ಲೇ ಕಾಣುತ್ತದೆ. ಆ ಗೆರೆಯ ಕೆಳಗೆ ವ್ಯವಸ್ಥೆ ಯಾವ ಪ್ರಕರಣವನ್ನೂ ತೋರಿಸದೆ, ಇನ್ನೂ ಅಳೆಯಬೇಕಾದ ಅಂಕಣಗಳಲ್ಲಿ ಹೆಚ್ಚು ತೂಕದ್ದನ್ನು ಮೆಕ್ಯಾನಿಕ್‌ಗೆ ಕೇಳುತ್ತದೆ. ಬಹುತೇಕ ಅದು ಮೆಗ್ಗರ್ ರೀಡಿಂಗೇ ಆಗಿರುತ್ತದೆ.