ಕಲ್ಲು ಬಿಟ್ಟು ಬಾವಿಯ ಆಳ ಅಳೆಯುವುದು ಹೇಗೆ?

ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಒಂದು ಹಳೆಯ ತೆರೆದ ಬಾವಿ ಇದೆ ಎಂದುಕೊಳ್ಳಿ. ಗಟ್ಟಿ ಕಟ್ಟೆಯಿರುವ ಬಾವಿಯಾಗಿರಲಿ. ಬಗ್ಗಿ ನೋಡುವುದು ಬೇಡ. ಕಲ್ಲನ್ನು ಎಸೆಯದೆ ಸುಮ್ಮನೆ ಕೈಬಿಡಿ. ‘ಗುಳುಂ’ ಸದ್ದು ಕೇಳಲು 2 ಸೆಕೆಂಡ್ ಹಿಡಿಯಿತು. ನೀರು ಎಷ್ಟು ಆಳದಲ್ಲಿದೆ?

ಆಳವನ್ನು ‘ಕ್ಷ’ ಮೀಟರ್ ಎನ್ನೋಣ. ಕೈಬಿಟ್ಟ ಕಲ್ಲು ಬೀಳುವ ದೂರ ಮೀಟರ್ ಲೆಕ್ಕದಲ್ಲಿ ಸುಮಾರು 4.9 × (ಸೆಕೆಂಡ್)². ಹಾಗಾಗಿ ಕಲ್ಲು ಬೀಳಲು √(ಕ್ಷ ÷ 4.9) ಸೆಕೆಂಡ್ ಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಮೇಲೆ ಬರುತ್ತದೆ. ಆದ್ದರಿಂದ

√(ಕ್ಷ ÷ 4.9) + ಕ್ಷ ÷ 340 = 2

ಮೊದಲು ವರ್ಗಮೂಲವನ್ನು ಎಡಬದಿಯಲ್ಲಿ ಒಂಟಿಯಾಗಿ ನಿಲ್ಲಿಸಿ:

√(ಕ್ಷ ÷ 4.9) = 2 − ಕ್ಷ ÷ 340

ಹೀಗೆ ಮಾಡದೆ ವರ್ಗ ಮಾಡಿದರೆ ವರ್ಗಮೂಲ ಹೋಗುವುದೇ ಇಲ್ಲ, ನಡುವಿನ ಪದದಲ್ಲಿ ಮತ್ತೆ ಬಂದು ಕೂರುತ್ತದೆ. ಈಗ ಎರಡೂ ಬದಿಗಳನ್ನು ವರ್ಗ ಮಾಡಿ. ಬಲಬದಿಯಲ್ಲಿ ಮೂರು ಪದಗಳು ಬರಬೇಕು. ಹತ್ತನೆಯ ತರಗತಿಯ ಮಕ್ಕಳು ನಡುವಿನದನ್ನು ಬಿಟ್ಟೇ ಅಂಕ ಕಳೆದುಕೊಳ್ಳುತ್ತಾರೆ. ಸರಿಪಡಿಸಿದರೆ ಸಿಗುವುದು ವರ್ಗಸಮೀಕರಣ:

ಕ್ಷ² − 24952ಕ್ಷ + 462400 = 0

ಇದರ ಮೂಲಗಳು ಸುಮಾರು 18.5 ಮತ್ತು 24933.

ಎರಡನೆಯದನ್ನು ಒಮ್ಮೆ ಯೋಚಿಸಿ: ಸುಮಾರು 25 ಕಿಲೋಮೀಟರ್! 2001ರಲ್ಲಿ ಮುಚ್ಚಿದ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯೇ ಸುಮಾರು 3.2 ಕಿಲೋಮೀಟರ್ ಆಳ. ಈ ಸಂಖ್ಯೆ ಎಲ್ಲಿಂದ ಬಂತು? ವರ್ಗ ಮಾಡುವ ಮುಂಚಿನ ಸಮೀಕರಣದಲ್ಲಿ ‘ಕ್ಷ’ ಬದಲು ಇದನ್ನು ಹಾಕಿ ನೋಡಿ: ಎಡಬದಿ 71.3, ಬಲಬದಿ −71.3. ವರ್ಗ ಮಾಡಿದೊಡನೆ ಋಣಚಿಹ್ನೆ ಅಳಿಸಿಹೋಗಿ ಎರಡೂ ಒಂದೇ ಆದವು. ಲೆಕ್ಕದಲ್ಲಿ ತಪ್ಪಿಲ್ಲ, ಅದು ಬೇರೊಂದು ಸಮೀಕರಣದ ಉತ್ತರ. ಹಾಗಾಗಿ ಮೂಲ ಸಮೀಕರಣದಲ್ಲಿ ತಾಳೆ ನೋಡುವುದು ಪರೀಕ್ಷಕರಿಗಾಗಿ ಬರೆಯುವ ಕೊನೆಯ ಸಾಲಲ್ಲ. ನಿಜವಾದ ಉತ್ತರ ಯಾವುದೆಂದು ತಿಳಿಯುವುದು ಅಲ್ಲಿಯೇ. 18.5 ಹಾಕಿದರೆ 1.94 + 0.05, ಅಂದರೆ ಹೆಚ್ಚುಕಡಿಮೆ 2. ನೀರು ಸುಮಾರು 61 ಅಡಿ ಕೆಳಗಿದೆ.

ವರ್ಗಸಮೀಕರಣವೇ ಬೇಡವೆನ್ನುವವರಿಗೆ ನನಗೆ ಹೆಚ್ಚು ಇಷ್ಟವಾದ ದಾರಿ ಇದು. ಸದ್ದಿನ ಸಮಯವನ್ನು ಮೊದಲು ಮರೆತುಬಿಡಿ: 4.9 × 2² = 19.6. ಅಷ್ಟು ದೂರಕ್ಕೆ ಸದ್ದಿಗೆ 0.058 ಸೆಕೆಂಡ್ ಬೇಕು. ಅದನ್ನು 2ರಿಂದ ಕಳೆದು ಮತ್ತೆ ಲೆಕ್ಕ ಹಾಕಿ: 18.49. ಇನ್ನೊಮ್ಮೆ: 18.55. ಮುಂದೆ ಅದು ಅಲ್ಲಿಂದ ಕದಲುವುದೇ ಇಲ್ಲ ಎನ್ನಬಹುದು.

ಇನ್ನಷ್ಟು ದಶಮಾಂಶಗಳ ಬೆನ್ನು ಹತ್ತಬೇಡಿ. ಸ್ಟಾಪ್‌ವಾಚ್ ಒತ್ತುವಾಗ 0.1 ಸೆಕೆಂಡ್ ತಪ್ಪಿದರೆ ಆಳ ಸುಮಾರು 1.8 ಮೀಟರ್ ಬದಲಾಗುತ್ತದೆ. ಐದಾರು ಸಲ ಕಲ್ಲು ಬಿಟ್ಟು, ಸಮಯದ ಸರಾಸರಿ ತೆಗೆದುಕೊಂಡ ಮೇಲೆಯೇ ಸಮೀಕರಣಕ್ಕೆ ಕೈ ಹಾಕಿ.