ಜರ್ಮನಿಯಲ್ಲಿ ಗಾಡಿಗೆ ಜಿಂಕೆ ಅಡ್ಡ ಬಂದ್ರೆ: ಸ್ಟೀರಿಂಗ್ ತಿರುಗಿಸ್ಬೇಡಿ, ಬ್ರೇಕ್ ಹಾಕಿ, 110ಕ್ಕೆ ಫೋನ್ ಮಾಡಿ

ಹೊಸದಾಗಿ ಜರ್ಮನಿಗೆ ಬಂದು, ಥಿಯರಿ ಪ್ರಾಕ್ಟಿಕಲ್ ಎರಡೂ ಪಾಸ್ ಮಾಡ್ಕೊಂಡು, ಈಗಷ್ಟೇ ಇಲ್ಲಿ ಗಾಡಿ ಓಡಿಸೋಕೆ ಶುರು ಮಾಡಿರೋ ನಮ್ಮೋರಿಗೆ ಅಂತಾನೇ ಇದನ್ನ ಬರೀತಿದೀನಿ. ಆಟೋಬಾನ್ ಬಗ್ಗೆ ಎಲ್ರೂ ಹೇಳ್ಕೊಡ್ತಾರೆ, ಜಿಂಕೆ ಬಗ್ಗೆ ಯಾರೂ ಹೇಳಲ್ಲ. ನಮಗೆ ಜಿಂಕೆ ಅಂದ್ರೆ ಬಂಡೀಪುರ, ಅಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕಿದ್ರೆ ಬೆಳಗ್ಗೆ ಆರರ ತನಕ ರೋಡು ಪ್ರಾಣಿಗಳದ್ದು. ಇಲ್ಲಿ ಗೇಟೂ ಇಲ್ಲ ಚೆಕ್‌ಪೋಸ್ಟೂ ಇಲ್ಲ. ಊರಿನ ಬೋರ್ಡ್ ದಾಟಿದ ತಕ್ಷಣ ಒಂದು ಕಡೆ ಕಾಡು, ಇನ್ನೊಂದು ಕಡೆ ಹೊಲ, ಮಧ್ಯದಲ್ಲಿ 100ರ ಸ್ಪೀಡಿನ ಲಾಂಡ್‌ಸ್ಟ್ರಾಸೆ, ಅಂದ್ರೆ ಊರುಗಳ ನಡುವಿನ ರೋಡು. ಹಗಲು ಕಾಡಲ್ಲಿ ಮಲಗಿರೋ ಜಿಂಕೆ ಸಂಜೆ ಹೊಲಕ್ಕೆ ಮೇಯೋಕೆ ಬರ್ಬೇಕಂದ್ರೆ ಆ ರೋಡ್ ದಾಟ್ಲೇಬೇಕು. ಹಿಂಗೆ ಪ್ರಾಣಿಗೆ ಗುದ್ದಿದ ಕೇಸುಗಳು ಇಲ್ಲಿನ ಇನ್ಶೂರೆನ್ಸ್ ಕಂಪನಿಗಳಿಗೆ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಬರ್ತಾವೆ.

ನಂದೂ ಅದರಲ್ಲಿ ಒಂದು. ನವೆಂಬರ್ ತಿಂಗಳು, ಸಂಜೆ ಐದೂವರೆ, ಹೆರೆನ್‌ಬೆರ್ಗ್‌ನಿಂದ ಕಾಲ್ವ್ ಕಡೆ ಹೋಗೋ ಬಿ 296 ಹೆದ್ದಾರೀಲಿ ಮನೆಗೆ ಹೋಗ್ತಿದ್ದೆ. ಬಲಗಡೆಯಿಂದ ಒಂದು ಜಿಂಕೆ ಹಾರಿ ದಾಟಿ ಹೋಯ್ತು, ಹಿಂದಿನ ಬಿಳಿ ಮಚ್ಚೆ ಮಾತ್ರ ಕಂಡಿದ್ದು, ಸದ್ಯ ಬಚಾವ್ ಅಂದ್ಕೊಂಡು ಬ್ರೇಕ್ ಬಿಟ್ಟೆ. ಅದರ ಹಿಂದೆನೇ ಎರಡನೇದು ಬಂತು. ಕೈ ತಾನಾಗೇ ಎಡಕ್ಕೆ ತಿರುಗಿಸೋಕೆ ಹೋಗಿತ್ತು, ಎದುರಿಂದ ಲಾರಿ ಬರ್ತಿತ್ತು. ಆ ಕ್ಷಣದಲ್ಲಿ ಫಾರ್‌ಶೂಲೆ (ಡ್ರೈವಿಂಗ್ ಸ್ಕೂಲ್) ಮೇಷ್ಟ್ರು ಪದೇ ಪದೇ ಹೇಳ್ತಿದ್ದ ಮಾತು ನೆನಪಾಗಿ ಸ್ಟೀರಿಂಗ್ ಬಿಗಿಯಾಗಿ ಹಿಡ್ದು ನೇರಕ್ಕೆ ಬ್ರೇಕ್ ತುಳಿದೆ, ಅದಕ್ಕೇ ಇವತ್ತು ಇದನ್ನ ಬರೆಯೋಕೆ ಆಗ್ತಿದೆ.

ನಮ್ಮೂರಲ್ಲಿ ಗಾಡಿ ಕಲಿತ ಕೈಗೆ ತಪ್ಪಿಸೋದೇ ಅಭ್ಯಾಸ. ನಾಯಿ, ಹಸು, ಗುಂಡಿ, ಏನೇ ಬಂದ್ರೂ ಕಟ್ ಮಾಡಿ ಹೋಗ್ತೀವಿ, ಮೂವತ್ತು ನಲವತ್ತು ಸ್ಪೀಡಲ್ಲಿ ಅದು ನಡೆಯತ್ತೆ. 90, 100ರಲ್ಲಿ ಕಟ್ ಮಾಡಿದ್ರೆ ಒಂದೋ ಎದುರಿನ ಗಾಡಿ, ಇಲ್ಲಾ ರೋಡ್ ಪಕ್ಕದ ಮರ. ಇಲ್ಲಿನ ಸಾಮಾನ್ಯ ಜಿಂಕೆ, ರೇ ಅಂತಾರೆ, 20-25 ಕೆಜಿ ಇರತ್ತೆ ಅಷ್ಟೇ. ಅದಕ್ಕೆ ಗುದ್ದಿದ್ರೆ ಬಂಪರ್ ಹೋಗತ್ತೆ ರೇಡಿಯೇಟರ್ ಹೋಗತ್ತೆ, ಮರಕ್ಕೆ ಗುದ್ದಿದ್ರೆ ಜೀವ ಹೋಗತ್ತೆ. ಕಾಡುಹಂದಿ ಬೇರೆ ಲೆಕ್ಕ, ದೊಡ್ಡದು ನೂರು ಕೆಜಿ ದಾಟತ್ತೆ, ಆದ್ರೂ ನಿಯಮ ಅದೇ: ಬ್ರೇಕ್, ನೇರ, ಹೈ ಬೀಮ್ ಇದ್ರೆ ಇಳಿಸಿ, ಹಾರ್ನ್ ಹೊಡೀರಿ. ಹೈ ಬೀಮಲ್ಲಿ ಅದಕ್ಕೆ ಕಣ್ಣು ಕುಕ್ಕಿ ಎಲ್ಲಿಗೆ ಓಡ್ಬೇಕು ಅಂತ ಗೊತ್ತಾಗದೆ ಅಲ್ಲೇ ನಿಂತ್ಬಿಡತ್ತೆ.

ದೂರದ ಲೆಕ್ಕ ಒಂದು ಹೇಳ್ತೀನಿ, ಇದನ್ನ ದಯವಿಟ್ಟು ಒಂದ್ಸಲ ರೋಡಲ್ಲಿ ನೋಡಿ. ಪಕ್ಕದಲ್ಲಿ ಬಿಳಿ ಕಂಬ ಇರ್ತಾವಲ್ಲ, ಕಪ್ಪು ಪಟ್ಟಿ ಇರೋವು, ನೇರ ರೋಡಲ್ಲಿ ಅವು 50 ಮೀಟರಿಗೆ ಒಂದು. ಲೋ ಬೀಮಲ್ಲಿ ನಿಮ್ಮ ಎಡಗಡೆ ಸರಿಯಾಗಿ ಕಾಣೋದು ಹೆಚ್ಚುಕಮ್ಮಿ ಒಂದು ಕಂಬದ ದೂರ. ಫಾರ್‌ಶೂಲೆ ಫಾರ್ಮುಲಾ ಪ್ರಕಾರ 100ರಲ್ಲಿ ಜೋರಾಗಿ ಬ್ರೇಕ್ ಹಾಕಿದ್ರೂ ನಿಲ್ಲೋಕೆ 80 ಮೀಟರ್ ಬೇಕು, ಅಂದ್ರೆ ಒಂದೂವರೆ ಕಂಬಕ್ಕಿಂತ ಜಾಸ್ತಿ. 70ರಲ್ಲಿ ಅದೇ ಲೆಕ್ಕ 45 ಮೀಟರಿಗೆ ಇಳಿಯತ್ತೆ, ಕಾಣೋ ದೂರದೊಳಗೇ ನಿಲ್ತೀರ. ಹಾರೋ ಜಿಂಕೆ ಇರೋ ಕೆಂಪು ತ್ರಿಕೋನದ ಬೋರ್ಡ್ ಬಂದ್ರೆ, ಇಲ್ಲಾ ಆ ಕಂಬಗಳಲ್ಲಿ ನೀಲಿ ರಿಫ್ಲೆಕ್ಟರ್ ಹಾಕಿರೋದು ಕಂಡ್ರೆ, ಅಲ್ಲಿ ಪ್ರಾಣಿ ದಾಟತ್ತೆ ಅಂತಾನೇ ಅರ್ಥ. ಹಿಂದಿನೋನು ಲೈಟ್ ಹೊಡೀಲಿ ಬಿಡಿ, 70ಕ್ಕೆ ಇಳಿಸಿ. ಒಂದು ದಾಟಿದ್ರೆ ಹಿಂದೆ ಇನ್ನೊಂದು ಇರತ್ತೆ ಅಂತಾನೇ ತಿಳ್ಕೊಳ್ಳಿ, ನಾನು ಬ್ರೇಕ್ ಬಿಟ್ಟಂಗೆ ಬಿಡ್ಬೇಡಿ.

ಕಾಲ ನೋಡಿದ್ರೆ ಅಕ್ಟೋಬರ್-ನವೆಂಬರ್ ಕೆಟ್ಟದು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗತ್ತೆ, ನಾವು ಆಫೀಸ್ ಬಿಡೋ ಹೊತ್ತೂ ಜಿಂಕೆ ಹೊರಡೋ ಹೊತ್ತೂ ಒಂದೇ ಆಗ್ಬಿಡತ್ತೆ, ಜಿಂಕೆಗೆ ಗಡಿಯಾರ ಗೊತ್ತಿಲ್ಲ. ಏಪ್ರಿಲ್-ಮೇನಲ್ಲಿ ಹೋದ ವರ್ಷದ ಮರಿಗಂಡುಗಳನ್ನ ದೊಡ್ಡ ಗಂಡುಗಳು ಅವುಗಳ ಜಾಗದಿಂದ ಓಡಿಸ್ತಾವೆ, ಅವು ದಿಕ್ಕಿಲ್ಲದೆ ಅಲೀತಾವೆ. ಜುಲೈ ಕೊನೆ, ಆಗಸ್ಟ್ ಮೊದಲು ಬೆದೆಗಾಲ, ಗಂಡು ಹೆಣ್ಣನ್ನ ಅಟ್ಟಿಸ್ಕೊಂಡು ಹಾಡುಹಗಲಲ್ಲೇ ರೋಡಿಗೆ ನುಗ್ಗತ್ತೆ.

ಬೈಕ್ ಓಡಿಸೋರೇ, ಆ ಬೇಸಿಗೇನೇ ನಿಮ್ಮ ಸೀಸನ್ನು. ಶ್ವಾರ್ಟ್ಸ್‌ವಾಲ್ಡ್‌ನ (ಬ್ಲ್ಯಾಕ್ ಫಾರೆಸ್ಟ್) ಬಿ 500ರಲ್ಲಿ ಸಂಜೆ ಬಿಸಿಲು ಇಳಿಯೋವಾಗ ಹೋಗೋ ಮಜಾ ನಂಗೂ ಗೊತ್ತು, ಆದ್ರೆ ಕಾರಿಗೆ ಬಂಪರ್ ಇದೆ, ನಿಮಗೆ ನಿಮ್ಮ ಮೊಣಕಾಲೇ ಬಂಪರ್. ಬಗ್ಗಿರೋವಾಗ ಬ್ರೇಕ್ ಹಿಡಿದ್ರೆ ಜಾರ್ತೀರ, ಅದಕ್ಕೆ ಮೊದಲು ಬೈಕ್ ನೆಟ್ಟಗೆ ಮಾಡಿ, ಆಮೇಲೆ ಎರಡೂ ಬ್ರೇಕ್ ಗಟ್ಟಿಯಾಗಿ. ಎಬಿಎಸ್ ಇರೋ ಬೈಕ್ ತಗೊಳ್ಳಿ, 125 ಸಿಸಿ ಮೇಲಿನ ಹೊಸ ಬೈಕಲ್ಲಿ ಅದು ಇದ್ದೇ ಇರತ್ತೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ನೋಡ್ಕೊಳ್ಳಿ. ಕಾಡಿನ ಅಂಚಿಗೆ ಅಂಟ್ಕೊಂಡು ಹೋಗ್ಬೇಡಿ, ನಿಮ್ಮ ಲೇನ್ ಮಧ್ಯದಲ್ಲಿದ್ರೆ ಒಂದು ಮೀಟರಾದ್ರೂ ಜಾಸ್ತಿ ಸಿಗತ್ತೆ. ನಮ್ಮ ಹುಡುಗ ಒಬ್ಬ ನರಿಗೆ ಬೈಕ್ ತಪ್ಪಿಸೋಕೆ ಹೋಗಿ ಬಿದ್ದು ಭುಜದ ಮೂಳೆ ಮುರ್ಕೊಂಡ. ನರಿ ಓಡೋಯ್ತು, ಬೈಕಲ್ಲಿ ಒಂದು ಕೂದಲೂ ಇಲ್ಲ, ಸಾಕ್ಷೀನೂ ಇಲ್ಲ, ಇನ್ಶೂರೆನ್ಸೋರು ದುಡ್ಡು ಕೊಡಲ್ಲ ಅಂದ್ರು.

ಅದು ಯಾಕೆ ಅಂತ ಹೇಳ್ತೀನಿ, ಇಲ್ಲೇ ಸಿಸ್ಟಮ್ ಅರ್ಥ ಆಗ್ಬೇಕಾಗಿರೋದು. ಕಡ್ಡಾಯ ಇರೋ ಹಾಫ್ಟ್‌ಫ್ಲಿಷ್ಟ್ ಇನ್ಶೂರೆನ್ಸ್ ಬರೀ ಬೇರೆಯವರ ನಷ್ಟ ಕೊಡತ್ತೆ, ನಿಮ್ಮ ಗಾಡಿಗೆ ಪೈಸೆ ಇಲ್ಲ. ಜಿಂಕೆಗೆ ಗುದ್ದಿದ್ದಕ್ಕೆ ಕೊಡೋದು ಟೈಲ್‌ಕಾಸ್ಕೊ, ಅಂದ್ರೆ ನಿಮ್ಮ ಗಾಡಿಗೆ ಭಾಗಶಃ ಇನ್ಶೂರೆನ್ಸ್. ಅದರಲ್ಲಿ ಹಾರ್‌ವಿಲ್ಡ್ ಅನ್ನೋ ಪದ ಇದ್ರೆ ಬೇಟೆ ಕಾನೂನಿನ ಪಟ್ಟೀಲಿರೋ ರೋಮದ ಪ್ರಾಣಿ ಮಾತ್ರ: ಜಿಂಕೆ, ಕಾಡುಹಂದಿ, ನರಿ, ಮೊಲ ಇಂಥವು. ನಾಯಿ, ಹಸು, ಕುದುರೆ, ಹಕ್ಕಿ ಇದಕ್ಕೆ ಬರಲ್ಲ. ಎಲ್ಲಾ ಪ್ರಾಣಿ ಸೇರಿರೋ ಪಾಲಿಸಿ ಕೇಳಿ ತಗೊಳ್ಳಿ. ಟೈಲ್‌ಕಾಸ್ಕೊ ಕ್ಲೇಮ್ ಮಾಡಿದ್ರೆ ನಿಮ್ಮ ನೋ ಕ್ಲೇಮ್ ದರ್ಜೆ ಇಳಿಯಲ್ಲ, ಹೆದರ್ಬೇಡಿ. ಆದ್ರೆ ತಪ್ಪಿಸೋಕೆ ಹೋಗಿ ಮರಕ್ಕೆ ಗುದ್ದಿದ್ರೆ, ಅಲ್ಲಿ ಪ್ರಾಣಿ ಇತ್ತು, ದೊಡ್ಡ ಅಪಾಯ ಇತ್ತು ಅಂತ ನೀವೇ ಸಾಬೀತು ಮಾಡ್ಬೇಕು. ಸಾಬೀತಾಗಲಿಲ್ಲ ಅಂದ್ರೆ ಫೋಲ್‌ಕಾಸ್ಕೊದಿಂದ (ಪೂರ್ತಿ ಇನ್ಶೂರೆನ್ಸ್, ಇದ್ರೆ) ತಗೋಬೇಕು, ಅದರಲ್ಲಿ ದರ್ಜೆ ಇಳಿಯತ್ತೆ. ಮೊಲ, ನರಿಯಂಥ ಸಣ್ಣ ಪ್ರಾಣಿಗೆ ಕಾರು ತಿರುಗಿಸಿದ್ರೆ ಇಲ್ಲಿನ ಕೋರ್ಟುಗಳೂ ಸಾಮಾನ್ಯವಾಗಿ ನಿಮ್ಮ ಪರ ಬರಲ್ಲ.

ಗುದ್ದಿದ ಮೇಲೆ ಮೊದಲು ಹಜಾರ್ಡ್ ಲೈಟ್, ಇಳಿಯೋಕೆ ಮುಂಚೆನೇ ಹಳದಿ ವೆಸ್ಟ್, ಆಮೇಲೆ ತ್ರಿಕೋನ ತಗೊಂಡು ಸುಮಾರು 100 ಮೀಟರ್ ಹಿಂದೆ, ಎರಡು ಕಂಬ ಎಣಿಸಿ ಇಡಿ. ವೆಸ್ಟ್ ಡಿಕ್ಕೀಲಿ ಇಡ್ಬೇಡಿ, ಸೀಟ್ ಪಕ್ಕದಲ್ಲಿರಲಿ. ಪೊಲೀಸ್ ನಂಬರ್ 110ಕ್ಕೆ ಫೋನ್ ಮಾಡಿ 'ವಿಲ್ಡ್‌ಉನ್‌ಫಾಲ್' (ಕಾಡುಪ್ರಾಣಿಗೆ ಗುದ್ದಿದ ಅಪಘಾತ) ಅಂತ ಹೇಳಿ, ರೋಡ್ ನಂಬರ್, ಯಾವ ಊರಿಂದ ಯಾವ ಊರಿಗೆ ಅಂತ ಹೇಳಿ, ಉಳಿದದ್ದು ಇಂಗ್ಲಿಷಲ್ಲಿ ನಿಧಾನಕ್ಕೆ ಹೇಳಿದ್ರೂ ಸಾಮಾನ್ಯವಾಗಿ ನಡೆಯತ್ತೆ. ಬಾಡಿಗೆ ಕಾರು ಆದ್ರೆ ಪೊಲೀಸ್ ಕರೆಯದೆ ಹೊರಡ್ಲೇಬೇಡಿ.

ಪ್ರಾಣಿ ಬಿದ್ದು ಒದ್ದಾಡ್ತಿರೋದು ನೋಡಿದ್ರೆ ಕರುಳು ಕಿತ್ತು ಬರತ್ತೆ, ನೀರು ಕೊಡೋಣ ಅನ್ಸತ್ತೆ. ಹತ್ತಿರ ಹೋಗ್ಬೇಡಿ, ನೋವಲ್ಲಿ ಒದೆಯತ್ತೆ, ಮನುಷ್ಯ ಹತ್ತಿರ ಬಂದ್ರೆ ಅದರ ಭಯ ಇನ್ನೂ ಜಾಸ್ತಿ. ಅದನ್ನ ಮುಗಿಸೋದು, ತಗೊಂಡು ಹೋಗೋದು ಯೇಗರ್ (ಬೇಟೆಗಾರ) ಕೆಲಸ. ಇಲ್ಲಿ ನೆಲವನ್ನ ಬೇಟೆ ವಲಯಗಳಾಗಿ ಹಂಚಿರ್ತಾರೆ, ಒಂದೊಂದಕ್ಕೂ ಜವಾಬ್ದಾರಿ ಇರೋ ಬೇಟೆಗಾರ ಇರ್ತಾನೆ, ಪೊಲೀಸರೇ ಅವನನ್ನ ಕರೆಸ್ತಾರೆ. ನೀವು ಡಿಕ್ಕೀಲಿ ಹಾಕ್ಕೊಂಡ್ರೆ ಅದು ಕಳ್ಳಬೇಟೆ, ಕ್ರಿಮಿನಲ್ ಕಾನೂನಿನ 292ನೇ ಸೆಕ್ಷನ್, ದಂಡ ಇಲ್ಲಾ ಮೂರು ವರ್ಷದ ತನಕ ಜೈಲು.

ನನ್ನ ಜಿಂಕೆ ಗುದ್ದಿಸ್ಕೊಂಡು ಕಾಡಿಗೆ ಓಡಿತ್ತು. ಆದ್ರೂ ಫೋನ್ ಮಾಡ್ಬೇಕು, ಇಲ್ಲಾಂದ್ರೆ ಎಲ್ಲೋ ಪೊದೆಯಲ್ಲಿ ನರಳಿ ನರಳಿ ಸಾಯತ್ತೆ. ಅದು ನುಗ್ಗಿದ ಜಾಗದ ಕಂಬಕ್ಕೆ ಕರ್ಚೀಫ್ ಕಟ್ಟಿದ್ದೆ. ಯೇಗರ್ ಒಬ್ಬ ವಯಸ್ಸಾದೋರು, ಹಗ್ಗ ಕಟ್ಟಿದ ನಾಯಿ ಜೊತೆ ಬಂದು ಆ ಕರ್ಚೀಫ್ ಹತ್ರಾನೇ ಒಳಗೆ ಹೋದ್ರು. ಸ್ವಲ್ಪ ಹೊತ್ತಿಗೆ ಒಂದು ಗುಂಡಿನ ಸದ್ದು ಕೇಳ್ತು. ವಾಪಸ್ ಬಂದು, ಒಡೆದ ಹೆಡ್‌ಲೈಟ್ ಸಂದೀಲಿ ಸಿಕ್ಕಿದ್ದ ಬೂದು ಕೂದಲಿಗೆ ಟಾರ್ಚ್ ಬಿಟ್ಟು ನೋಡಿ, ಬಾನೆಟ್ ಮೇಲೇ ಕಾಗದ ಇಟ್ಕೊಂಡು ವಿಲ್ಡ್‌ಉನ್‌ಫಾಲ್‌ಬೆಶೈನಿಗುಂಗ್, ಅಂದ್ರೆ ಪ್ರಾಣಿಗೆ ಗುದ್ದಿದ್ದು ನಿಜ ಅನ್ನೋ ಸರ್ಟಿಫಿಕೇಟ್, ಬರೆದು ಕೊಟ್ರು. ಆ ಚೀಟೀನೇ ಕ್ಲೇಮಿಗೆ ಆಧಾರ. ರಕ್ತ, ಕೂದಲು ಫೋಟೋ ತೆಗೀರಿ, ಇನ್ಶೂರೆನ್ಸೋರು ಸರಿ ಅನ್ನೋ ತನಕ ಗಾಡಿ ತೊಳೀಬೇಡಿ. ನಂಗೆ ಕೈಯಿಂದ ಹೋಗಿದ್ದು ಪಾಲಿಸೀಲಿದ್ದ 150 ಯೂರೋ ಸ್ವಂತ ಪಾಲು ಅಷ್ಟೇ.

ಇವತ್ತು ಮನೆಗೆ ಹೋದ್ಮೇಲೆ ಪಾಲಿಸಿ ಪೇಪರ್ ತೆಗೆದು ಟೈಲ್‌ಕಾಸ್ಕೊ ಇದೆಯಾ, ಹಾರ್‌ವಿಲ್ಡ್ ಮಾತ್ರನಾ ಎಲ್ಲಾ ಪ್ರಾಣಿನಾ ನೋಡಿ. ಕಂಪನಿ ಬದಲಾಯಿಸ್ಬೇಕು ಅಂದ್ರೆ ಹೆಚ್ಚಿನ ಪಾಲಿಸಿಗಳಲ್ಲಿ ನವೆಂಬರ್ 30ರೊಳಗೆ ಅವರಿಗೆ ಪತ್ರ ತಲುಪಿರ್ಬೇಕು.